ತಟ್ಟೆ ಎಸೆಯುವ ಗಾಲ್ಫ್: ಕೊನೆಯ ಹತ್ತು ಮೀಟರು



ಗಾಲ್ಫ್ ಎಂದರೆ ಹಣವಂತರ ಆಟ, ಅದಕ್ಕೆ ಎಕರೆಗಟ್ಟಲೆ ಹುಲ್ಲುಹಾಸು ಬೇಕು ಎಂಬ ಭಾವನೆ ನಮ್ಮಲ್ಲಿದೆ. ಆದರೆ ಕೋಲು, ಚೆಂಡುಗಳಿಲ್ಲದೆ, ಪ್ಲಾಸ್ಟಿಕ್ ತಟ್ಟೆಯನ್ನು ಎಸೆದು ಆಡುವ ಗಾಲ್ಫ್ ಕೂಡ ಇದೆ. ಅದೇ ಡಿಸ್ಕ್ ಗಾಲ್ಫ್.

ಅಮೆರಿಕದ ಎಡ್ ಹೆಡ್ರಿಕ್ 1975ರಲ್ಲಿ ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಉದ್ಯಾನದಲ್ಲಿ ಈ ಆಟಕ್ಕೆ ಕಾಯಂ ಅಂಕಣವನ್ನು ರೂಪಿಸಿದರು. ಕಂಬದ ಸುತ್ತ ಸರಪಳಿಗಳನ್ನು ಇಳಿಬಿಟ್ಟು, ಕೆಳಗೆ ಬುಟ್ಟಿಯಿಟ್ಟ ಗುರಿಯೂ ಅವರದೇ ಕಲ್ಪನೆ. ತಟ್ಟೆ ಬಿದ್ದ ಜಾಗದಿಂದಲೇ ಮುಂದಿನ ಎಸೆತ. ಸಾಮಾನ್ಯವಾಗಿ 9 ಅಥವಾ 18 ಗುರಿಗಳಿರುತ್ತವೆ. ಅತಿ ಕಡಿಮೆ ಎಸೆತಗಳಲ್ಲಿ ಮುಗಿಸಿದವರು ಗೆದ್ದಂತೆ.

ಹತ್ತಿರದ ಎಸೆತದ ಬೆಲೆ

ನೂರು ಮೀಟರಿನ ಎಸೆತವೂ ಒಂದೇ ಲೆಕ್ಕ, ಮೂರು ಮೀಟರಿನ ಎಸೆತವೂ ಒಂದೇ ಲೆಕ್ಕ. ಗುರಿಯ ಸಮೀಪದ ಈ ಎಸೆತಕ್ಕೆ 'ಪಟ್' ಎಂದು ಹೆಸರು. ಗುರಿಯಿಂದ 10 ಮೀಟರಿನೊಳಗೆ ಎಸೆದವರು ಕಾಲೂರಿ ಸಮತೋಲದಲ್ಲಿ ನಿಂತ ಮೇಲೆಯೇ ಮುಂದಡಿ ಇಡಬೇಕೆಂಬುದು ನಿಯಮ.

ಪಟ್‌ನ ಮಹತ್ವಕ್ಕೆ ಚೆಂಡಿನ ಗಾಲ್ಫ್‌ನಲ್ಲಿ ನಮ್ಮವರದೇ ನಿದರ್ಶನವಿದೆ. ಐದನೆಯ ವಯಸ್ಸಿನಲ್ಲಿ ಗಾಲ್ಫ್ ಹಿಡಿದ ಬೆಂಗಳೂರಿನ ಅದಿತಿ ಅಶೋಕ್, 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯವರಾದರು. ದೂರದ ಹೊಡೆತದಲ್ಲಿ ಅವರಿಗಿಂತ ಬಲಶಾಲಿಗಳು ಹಲವರಿದ್ದರು. ಅವರ ಸರಿಸಮಕ್ಕೆ ಅದಿತಿಯನ್ನು ತಂದು ನಿಲ್ಲಿಸಿದ್ದು ಪಟ್. ನಾಲ್ಕು ದಿನಗಳ ಆಟದ ನಂತರ ಕಂಚಿನ ಪದಕಕ್ಕೂ ಅವರಿಗೂ ಇದ್ದ ಅಂತರ ಒಂದೇ ಒಂದು ಹೊಡೆತ!

ಅಭ್ಯಾಸ ಹೇಗೆ?

ಸರಪಳಿ ಬುಟ್ಟಿ ಇಲ್ಲದಿದ್ದರೆ ಚಿಂತೆಯಿಲ್ಲ. ಒಂದು ಕಂಬಕ್ಕೆ ಸೊಂಟದಿಂದ ಎದೆಯ ಮಟ್ಟದವರೆಗೆ ಗೋಣಿಚೀಲ ಸುತ್ತಿ. ಮೂರು ಮೀಟರ್ ದೂರದಿಂದ ಹತ್ತು ಸಲ ಎಸೆಯಿರಿ. ಎಂಟು ಸಲ ತಗುಲಿದರೆ ಐದು ಮೀಟರಿಗೆ, ಆಮೇಲೆ ಏಳಕ್ಕೆ ಸರಿಯಿರಿ. ಪ್ರತಿದಿನದ ಲೆಕ್ಕವನ್ನು ಪುಸ್ತಕದಲ್ಲಿ ಬರೆದಿಡಿ. ತಟ್ಟೆ ಚೆನ್ನಾಗಿ ತಿರುಗುವಂತೆ ಮಣಿಕಟ್ಟಿನಿಂದ ಬಿಡಬೇಕು. ತಿರುಗುವ ಬುಗುರಿ ನಿಲ್ಲುವಂತೆ, ತಿರುಗುವ ತಟ್ಟೆ ಓಲಾಡದೆ ಸಾಗುತ್ತದೆ.

ನೆಲವೇ ಗುರು

ಒಂದೇ ಜಾಗದ ಅಭ್ಯಾಸ ಸಾಲದು. ಎದುರುಗಾಳಿ ತಟ್ಟೆಯನ್ನು ಮೇಲೆತ್ತುತ್ತದೆ, ಹಿಂಗಾಳಿ ಕೆಳಕ್ಕೊತ್ತುತ್ತದೆ. ಇಳಿಜಾರಿನಲ್ಲಿ ಗುರಿ ತಪ್ಪಿದ ತಟ್ಟೆ ಉರುಳುತ್ತಾ ಬಹುದೂರ ಹೋಗಬಹುದು. ಮರಗಳ ನಡುವೆ ಶಕ್ತಿಗಿಂತ ಯುಕ್ತಿ ಮುಖ್ಯ.

ಇಂಥ ವೈವಿಧ್ಯ ಹಾಸನ ಜಿಲ್ಲೆಯಲ್ಲಿ ಧಾರಾಳವಾಗಿದೆ. ಚನ್ನರಾಯಪಟ್ಟಣದ ಕಡೆ ಬಯಲು ಮತ್ತು ತೆಂಗಿನ ಸಾಲು. ಸಕಲೇಶಪುರದ ಕಡೆ ಗುಡ್ಡ ಮತ್ತು ದಟ್ಟ ನೆರಳು. ಇವೆರಡರ ನಡುವೆ ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣದಂಥ ಅರೆಮಲೆನಾಡಿನ ಊರುಗಳು. ಬಯಲಿನಲ್ಲಿ ಕಲಿತವರು ಗಾಳಿಯನ್ನು ಅರಿಯುತ್ತಾರೆ. ತೋಪಿನಲ್ಲಿ ಕಲಿತವರು ದಾರಿ ಹುಡುಕುವುದನ್ನು ಅರಿಯುತ್ತಾರೆ. ಒಳ್ಳೆಯ ಆಟಗಾರರಿಗೆ ಎರಡೂ ಬೇಕು.

ಆಡುವ ಮುನ್ನ ಜಮೀನಿನವರ ಒಪ್ಪಿಗೆ ಪಡೆಯಿರಿ. ಬೆಳೆಯಿರುವ ಹೊಲ, ಜನ ಓಡಾಡುವ ದಾರಿ ಬೇಡ. ಶಾಲೆಯ ಮೈದಾನದಲ್ಲಿ ಒಂದು ಕಂಬ, ಊರ ತೋಪಿನಲ್ಲಿ ಇನ್ನೊಂದು, ದಿಬ್ಬದ ಮೇಲೆ ಮತ್ತೊಂದು: ಮೂರು ಗುರಿಗಳಿದ್ದರೆ ಆಟ ಶುರುಮಾಡಬಹುದು.