ಹೊಸ ಬ್ಯಾಟರಿ ಕೊಳ್ಳುವ ಮುನ್ನ



ತಾಳವಾಡಿ ಕಡೆಯಿಂದ ಸತ್ಯಮಂಗಲಕ್ಕೆ ಹೋಗಬೇಕಾದರೆ ದಿಂಬಂ ಘಟ್ಟದ 27 ತಿರುವುಗಳನ್ನು ಇಳಿಯಬೇಕು. ಮಂಜು ಕವಿದ ಮುಂಜಾನೆ, ಮನೆಯಲ್ಲಿ ಯಾರಿಗೋ ಮೈ ಸರಿಯಿಲ್ಲ, ಕಾರಿನ ಕೀಲಿ ತಿರುಗಿಸಿದರೆ ಬರೀ 'ಟಕ್' ಎಂಬ ಸದ್ದು. ತಳ್ಳಿ ಸ್ಟಾರ್ಟ್ ಮಾಡಿ ಹೊರಟರೂ ನಡುಘಟ್ಟದಲ್ಲಿ ದೀಪ ಮಂಕಾದರೆ ಗತಿಯೇನು?

ಇಂಥ ಹೊತ್ತಿನಲ್ಲಿ ನಾವು ದೂರುವುದು ಬ್ಯಾಟರಿಯನ್ನು. ಸಾವಿರಾರು ರೂಪಾಯಿ ತೆತ್ತು ಹೊಸದನ್ನು ತರುತ್ತೇವೆ. ಕೆಲವೊಮ್ಮೆ ವಾರದೊಳಗೆ ಅದೂ ಮಲಗುತ್ತದೆ. ಬ್ಯಾಟರಿ ನೀರಿನ ತೊಟ್ಟಿ ಇದ್ದಂತೆ. ತುಂಬಿಸುವ ಪಂಪು ಬೇರೆ. ಆ ಪಂಪೇ ಆಲ್ಟರ್ನೇಟರ್, ಗ್ಯಾರೇಜಿನವರ ಬಾಯಲ್ಲಿ ಡೈನಮೋ. ಎಂಜಿನ್ನಿನ ಬೆಲ್ಟು ಅದನ್ನು ತಿರುಗಿಸುತ್ತದೆ. ಪಂಪು ಕೆಟ್ಟಿರುವಾಗ ಹೊಸ ತೊಟ್ಟಿ ಕಟ್ಟಿಸಿ ಫಲವೇನು?

ಮೊದಲು ಎಂಜಿನ್ ನಿಲ್ಲಿಸಿ, ಬಾನೆಟ್ ಎತ್ತಿ ನೋಡಿ. ಬೆಲ್ಟು ಸಡಿಲವಾಗಿದೆಯೇ, ಬಿರಿದಿದೆಯೇ? ಬ್ಯಾಟರಿಯ ಟರ್ಮಿನಲ್ ಮೇಲೆ ಬಿಳಿ, ಹಸಿರು ಪುಡಿ ಕಟ್ಟಿದೆಯೇ? ಕಟ್ಟಿದ್ದರೆ ಮೈನಸ್ ವೈರನ್ನು ಮೊದಲು ಬಿಚ್ಚಿ, ಅಡುಗೆ ಸೋಡಾ ಬೆರೆಸಿದ ಬಿಸಿನೀರಿನಿಂದ ಉಜ್ಜಿ ಒಣಗಿಸಿ. ಜೋಡಿಸುವಾಗ ಮೈನಸ್ ಕೊನೆಗೆ. ಹತ್ತಿರ ಬೀಡಿ, ಬೆಂಕಿ ಬೇಡ. ಬ್ಯಾಟರಿಯಿಂದ ಹೊಮ್ಮುವ ಹೈಡ್ರೋಜನ್ ಹೊತ್ತಿಕೊಳ್ಳುತ್ತದೆ.

ಬಳಿಕ ಊರಿನ ವೈರಿಂಗ್ ಕೆಲಸದವರಿಂದ ಮಲ್ಟಿಮೀಟರ್ ತನ್ನಿ. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ 12.6 ವೋಲ್ಟ್ ತೋರಿಸಿದರೆ ಬ್ಯಾಟರಿ ತುಂಬಿದೆ, 12.2 ಎಂದರೆ ಸುಮಾರು ಅರ್ಧ. 12ಕ್ಕಿಂತ ಕೆಳಗಾದರೆ ಬರಿದು. ಈಗ ಎಂಜಿನ್ ಓಡಿಸಿ, ದೀಪ ಹಾಕಿ ನೋಡಿ. ಸಾಮಾನ್ಯವಾಗಿ 13.8ರಿಂದ 14.5ರವರೆಗೆ ಬರಬೇಕು. ಹೊಸ ಕಾರುಗಳಲ್ಲಿ ಕಂಪ್ಯೂಟರ್ ಇದನ್ನು ಕೊಂಚ ಏರಿಳಿಸುವುದುಂಟು. ಅಂಕಿ 12ರ ಆಸುಪಾಸಿನಲ್ಲೇ ನಿಂತರೆ ತಪ್ಪು ಬೆಲ್ಟು, ವೈರು, ಫ್ಯೂಸು ಇಲ್ಲವೇ ಡೈನಮೋದಲ್ಲಿದೆ. 15 ದಾಟಿ ನಿಂತರೆ ರೆಗ್ಯುಲೇಟರ್ ಕೆಟ್ಟಿದೆ. ಬ್ಯಾಟರಿ ಕುದಿದು ಹಾಳಾಗುತ್ತದೆ. ಚಾರ್ಜು ಸರಿಯಿದ್ದೂ ಬೆಳಗಾಗುವುದರೊಳಗೆ ಬ್ಯಾಟರಿ ಬರಿದಾದರೆ, ಎಲ್ಲಿಯೂ ದೀಪ ಉರಿಯುತ್ತಿಲ್ಲವೆಂದು ನೋಡಿಕೊಂಡು, ಆಗ ಬ್ಯಾಟರಿಯನ್ನು ಅನುಮಾನಿಸಿ.

ಎಂಜಿನ್ ಓಡುತ್ತಿರುವಾಗ ಬ್ಯಾಟರಿ ವೈರು ಕಿತ್ತು ಪರೀಕ್ಷಿಸುವ ಹಳೆಯ ರೂಢಿ ಬೇಡವೇ ಬೇಡ. ಇಂದಿನ ಗಾಡಿಗಳ ಎಲೆಕ್ಟ್ರಾನಿಕ್ ಭಾಗಗಳು ಸುಟ್ಟುಹೋಗಬಹುದು. ಸ್ಟಾರ್ಟ್ ಆದ ಮೇಲೂ ಬ್ಯಾಟರಿ ಚಿತ್ರದ ಕೆಂಪು ದೀಪ ಆರದಿದ್ದರೆ ಘಟ್ಟಕ್ಕೆ ಇಳಿಯಬೇಡಿ.

ನಿಂತಾಗಿನ ಅಂಕಿ, ಓಡುವಾಗಿನ ಅಂಕಿ, ಎರಡನ್ನೂ ಚೀಟಿಯಲ್ಲಿ ಬರೆದುಕೊಂಡು ಗ್ಯಾರೇಜಿಗೆ ಹೋಗಿ. ಅಲ್ಲಿ ಮಾತು ತಮಿಳಿರಲಿ, ಮರಾಠಿಯಿರಲಿ, ತೆಲುಗಿರಲಿ, ಮಲಯಾಳವಿರಲಿ. ಮೀಟರಿನ ಅಂಕಿ ಎಲ್ಲರಿಗೂ ಒಂದೇ.