ಬರಿಗಾಲಿಗೆ ಯಾವ ಕಲ್ಲು?

ಸುರೇಬಾನದ ಏಪ್ರಿಲ್ ಬಿಸಿಲು ಗೊತ್ತಲ್ಲ? ಹೊಲದ ಮನೆಯಲ್ಲಿ ಮಕ್ಕಳಿಗೆ ಈಜುಕೊಳ ಕಟ್ಟಿಸುವವರು ಮೊದಲು ಅಂಚಿನ ಕಲ್ಲು ನೋಡಿ.

ಕರಿ ಕಡಪಾ ಬೇಡವೇ ಬೇಡ. ಕಪ್ಪು ಬಣ್ಣ ಬಿಸಿಲು ಹೀರುತ್ತದೆ. ನೀರಿನಿಂದ ಮೇಲೆ ಬಂದ ಮಗು ಎರಡೇ ಹೆಜ್ಜೆಗೆ ಅಂಗಾಲು ಎತ್ತಿ ಕುಣಿಯುತ್ತದೆ. ಪಾಲಿಶ್ ಮಾಡಿದ ಇಳಕಲ್ ಗ್ರಾನೈಟ್ ಚೆಂದ, ಆದರೆ ಒದ್ದೆಯಾದರೆ ಜಾರುತ್ತದೆ.

ನನಗೆ ಮೆಚ್ಚು ತಿಳಿಬಣ್ಣದ ಮರಳುಗಲ್ಲು. ಬಾದಾಮಿಯ ಗುಡ್ಡಗಳದ್ದೂ ಮರಳುಗಲ್ಲೇ. ತರಿತರಿ ಮೈ ಒದ್ದೆ ಪಾದವನ್ನು ಹಿಡಿಯುತ್ತದೆ. ಸಣ್ಣ ರಂಧ್ರಗಳಲ್ಲಿ ನಿಂತ ನೀರು ಆವಿಯಾಗುತ್ತ ಕಲ್ಲನ್ನು ತಂಪು ಮಾಡುತ್ತದೆ. ಖರ್ಚು ಕಡಿಮೆ ಬೇಕೆ? ಪಾಲಿಶ್ ಇಲ್ಲದ ಶಹಾಬಾದ್ ಫರಸಿ ನಡೆಯುತ್ತದೆ.

ಕೊಳ್ಳುವ ಮೊದಲು ತುಂಡುಗಳನ್ನು ಮಧ್ಯಾಹ್ನ 2ರ ಬಿಸಿಲಿಗಿಡಿ. ಒಂದು ತಾಸು ಬಿಟ್ಟು ಅಂಗೈ ಇಟ್ಟು ನೋಡಿ, ಆಮೇಲೆ ಬರಿಗಾಲಲ್ಲಿ ನಿಲ್ಲಿ. ನೀರು ಚೆಲ್ಲಿ, ಮತ್ತೆ ನಿಲ್ಲಿ.