ಬೆನ್ನಿಗೆ ರಬ್ಬರಿನ ಬಲ

‘ಬೆನ್ನು ಗಟ್ಟಿಯಾಗಲು ರಬ್ಬರ್ ಪಟ್ಟಿಯನ್ನು ಬಾಗಿಲಿಗೆ ಸಿಕ್ಕಿಸಿ, ಹುಟ್ಟು ಹಾಕುವ ಹಾಗೆ ಎಳೆಯಿರಿ ಎಂದು ಫಿಸಿಯೋಥೆರಪಿಸ್ಟ್ ಹೇಳಿದ್ದಾರೆ. ಅಂಗೈಯಲ್ಲಿ ಹಿಡಿಸುವ ಪಟ್ಟಿ. ಡಂಬೆಲ್ ಮಾಡುವ ಕೆಲಸ ಇದರಿಂದ ಆದೀತೇ?’ ಓದುಗರೊಬ್ಬರ ಪ್ರಶ್ನೆ. ಆಗುತ್ತದೆ. ಪಟ್ಟಿಗೆ ಹೇಳಿಕೊಳ್ಳುವಂಥ ತೂಕ ಇಲ್ಲದಿರುವುದೇ ಬೆನ್ನಿನ ಮಟ್ಟಿಗೆ ಅದರ ದೊಡ್ಡ ಗುಣ. ಯಾಕೆಂದು ತಿಳಿಯಲು ರಬ್ಬರ್ ಹಿಂದಕ್ಕೆ ಎಳೆಯುವುದು ಹೇಗೆ ಎಂಬಲ್ಲಿಂದ ಶುರು ಮಾಡಬೇಕು.

ಇಂಗ್ಲೆಂಡಿನ ಕೆಂಡಲ್ ಊರಿನ ಜಾನ್ ಗಫ್ ಎಳವೆಯಲ್ಲೇ ಸಿಡುಬಿನಿಂದ ಕಣ್ಣು ಕಳೆದುಕೊಂಡವರು. ಗಿಡಗಳನ್ನು ಮುಟ್ಟಿಯೇ ಗುರುತಿಸುತ್ತಿದ್ದರು. ಪರಮಾಣುವಾದಕ್ಕೆ ಹೆಸರಾದ ಜಾನ್ ಡಾಲ್ಟನ್ ಹರೆಯದಲ್ಲಿ ಪಾಠ ಹೇಳಿಸಿಕೊಂಡದ್ದು ಇವರ ಬಳಿ. ಗಫ್ ರಬ್ಬರ್ ಪಟ್ಟಿಯೊಂದನ್ನು ತುಟಿಗೆ ತಾಗಿಸಿಕೊಂಡು ಥಟ್ಟನೆ ಎಳೆದರು, ಬೆಚ್ಚಗಾಯಿತು. ಸಡಿಲ ಬಿಟ್ಟರು, ತಣ್ಣಗಾಯಿತು. ಭಾರ ತೂಗುಹಾಕಿ ಹಿಗ್ಗಿಸಿದ ಪಟ್ಟಿಗೆ ಶಾಖ ಕೊಟ್ಟರೆ, ಲೋಹದ ತಂತಿಯಂತೆ ಉದ್ದವಾಗುವ ಬದಲು ಅದು ಕುಗ್ಗಿತು! 1805ರಲ್ಲಿ ಮ್ಯಾಂಚೆಸ್ಟರ್‌ನ ವಿದ್ವತ್ಸಂಘದ ಸಂಪುಟದಲ್ಲಿ ಇದು ಅಚ್ಚಾಯಿತು. ಗಂಧಕ ಬೆರೆಸಿ ಕಾಯಿಸಿ ರಬ್ಬರನ್ನು ಗಟ್ಟಿಮಾಡುವ ದಾರಿ 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್‌ಗೆ ಸಿಕ್ಕಿತು. ಅಂಥ ರಬ್ಬರಿನ ಮೇಲೆ ನಿಖರವಾಗಿ ಅಳೆದು, ಗಫ್ ಹೇಳಿದ್ದು ಸರಿ ಎಂದು ಜೇಮ್ಸ್ ಜೂಲ್ 1859ರಲ್ಲಿ ತೋರಿಸಿದರು. ಉಪಕರಣವಿಲ್ಲದೆ ತುಟಿಯನ್ನೇ ಉಷ್ಣಮಾಪಕ ಮಾಡಿಕೊಂಡ ಗಫ್ ಅವರ ಪ್ರಯೋಗ ನನಗೆ ಬಹಳ ಪ್ರಿಯ. ಅಗಲವಾದ ರಬ್ಬರ್ ಬ್ಯಾಂಡ್ ಇದ್ದರೆ ಮನೆಯಲ್ಲಿ ಮಕ್ಕಳಿಂದಲೂ ಮಾಡಿಸಬಹುದು.

ಸ್ಪ್ರಿಂಗ್ ಎಳೆದಾಗ ಲೋಹದ ಪರಮಾಣುಗಳ ನಡುವಿನ ಬಂಧಗಳೇ ಜಗ್ಗುತ್ತವೆ. ರಬ್ಬರಿನ ಬಗೆ ಬೇರೆ. ಅದರೊಳಗೆ ಉದ್ದುದ್ದ ಅಣುಸರಪಳಿಗಳು ಬೆಂದ ಶ್ಯಾವಿಗೆಯಂತೆ ಒಂದರೊಳಗೊಂದು ಸುತ್ತಿಕೊಂಡಿವೆ. ಅಲ್ಲಲ್ಲಿ ಗಂಧಕ ಒಂದೆಳೆಯನ್ನು ಇನ್ನೊಂದಕ್ಕೆ ಬೆಸೆದಿದೆ. ಶಾಖದ ದೆಸೆಯಿಂದ ಎಳೆಗಳು ಬಿಡುವಿಲ್ಲದೆ ಮಿಸುಕಾಡುತ್ತಲೇ ಇರುತ್ತವೆ. ಎಳೆಯೊಂದು ನೆಟ್ಟಗಿರಲು ಒಂದೇ ಬಗೆ, ಸುರುಟಿಕೊಂಡಿರಲು ಲೆಕ್ಕವಿಲ್ಲದಷ್ಟು ಬಗೆ. ಹಾಗಾಗಿ ನಾವು ಎಳೆದು ನೆಟ್ಟಗೆ ಮಾಡಿದ್ದನ್ನು ಮಿಸುಕಾಟ ಮತ್ತೆ ಸುರುಟಿಸಲು ನೋಡುತ್ತದೆ. ನಮ್ಮ ಕೈಗೆ ತಿಳಿಯುವ ಸೆಳೆತ ಅದೇ. ಶಾಖ ಹೆಚ್ಚಿದರೆ ಮಿಸುಕಾಟ ಹೆಚ್ಚು, ಸೆಳೆತವೂ ಹೆಚ್ಚು. ಗಫ್ ಕಂಡ ವಿಚಿತ್ರಕ್ಕೆ ಕಾರಣ ಇಷ್ಟೇ.

ಈ ಸೆಳೆತಕ್ಕೆ ಭೂಮಿಯ ಗುರುತ್ವ ಬೇಕಿಲ್ಲ. ಡಂಬೆಲ್ ಎಳೆಯುವುದು ನೆಲದ ಕಡೆಗೆ ಮಾತ್ರ. ಅದನ್ನು ಹಿಡಿದು ರೋಯಿಂಗ್, ಅಂದರೆ ಹುಟ್ಟು ಹಾಕುವಂತೆ ಎಳೆಯುವ ವ್ಯಾಯಾಮ, ಮಾಡಬೇಕಾದರೆ ಸೊಂಟದಿಂದ ಮುಂದಕ್ಕೆ ಬಾಗಲೇಬೇಕು. ಬಾಗಿದಷ್ಟು ಹೊತ್ತೂ ಮೈಯ ಮೇಲ್ಭಾಗದ ಭಾರ, ಡಂಬೆಲ್ಲಿನ ಭಾರ ಎರಡನ್ನೂ ಸೊಂಟದ ಬೆನ್ನುಮೂಳೆ ಮತ್ತು ಅದರ ಸುತ್ತಲಿನ ಸ್ನಾಯುಗಳು ತಡೆದುಕೊಳ್ಳಬೇಕು. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಸ್ಟುವರ್ಟ್ ಮೆಗಿಲ್ ಮತ್ತು ಸಂಗಡಿಗರು 2009ರಲ್ಲಿ ಮೂರು ಬಗೆಯ ರೋಯಿಂಗ್‌ಗಳನ್ನು ಹೋಲಿಸಿದಾಗ ಸೊಂಟಕ್ಕೆ ಅತಿ ಹೆಚ್ಚು ಹೊರೆ ಬಿದ್ದದ್ದು ಬಾಗಿ ನಿಂತು ಮಾಡುವ ಬಗೆಯಲ್ಲೇ. ಪಟ್ಟಿಯಾದರೆ ಎದೆಯ ಎತ್ತರಕ್ಕೆ ಸಿಕ್ಕಿಸಿ, ನೆಟ್ಟಗೆ ನಿಂತು ಅಥವಾ ಕೂತು ಅಡ್ಡಕ್ಕೆ ಎಳೆಯಬಹುದು. ಸೊಂಟಕ್ಕೆ ಹೊರೆ ಕಡಿಮೆ, ಕೆಲಸ ಮೇಲ್ಬೆನ್ನಿಗೆ.

ಗುರುತ್ವ ಬೇಕಿಲ್ಲದ ಈ ಸೆಳೆತ ಬಾಹ್ಯಾಕಾಶದಲ್ಲೂ ಕೆಲಸಕ್ಕೆ ಬಂದಿದೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಮೊದಲ ವರ್ಷಗಳಲ್ಲಿ ಗಗನಯಾತ್ರಿಗಳು ಬಳಸಿದ ‘ಐರೆಡ್’ ಯಂತ್ರದಲ್ಲಿ ರಬ್ಬರಿನಂಥ ವಸ್ತುವಿನ ಬಿಲ್ಲೆಗಳೇ ಇದ್ದವು. ಅದು ಕೊಡುತ್ತಿದ್ದ ಹೊರೆ ಹೆಚ್ಚೆಂದರೆ ಸುಮಾರು 136 ಕೆ.ಜಿ. ಮೂಳೆ ಸವೆತ ತಡೆಯಲು ಅದು ಸಾಲಲಿಲ್ಲ. 2008ರಲ್ಲಿ ನಿರ್ವಾತ ಸಿಲಿಂಡರ್‌ಗಳಿರುವ, ಇಮ್ಮಡಿ ಹೊರೆ ಕೊಡುವ ಯಂತ್ರವನ್ನು ನಾಸಾ ಮೇಲಕ್ಕೆ ಕಳಿಸಿತು. ರಬ್ಬರಿಗೂ ಮಿತಿಯಿದೆ.

ನೆಲದ ಮೇಲಿರುವ ನಮಗೆ ಮುಖ್ಯವಾದ ಮಿತಿ ಇನ್ನೊಂದು. ಪಟ್ಟಿ ಹಿಗ್ಗಿದಷ್ಟೂ ಬಿಗಿ. ಸ್ನಾಯುವಿನ ಸ್ವಭಾವ ಹಾಗಲ್ಲ. ಗಾರ್ಡನ್, ಹಕ್ಸ್‌ಲಿ, ಜೂಲಿಯನ್ ಎಂಬ ಮೂವರು 1966ರಲ್ಲಿ ಕಪ್ಪೆಯ ಒಂದೊಂದೇ ಸ್ನಾಯುತಂತುವನ್ನು ಹಿಡಿದು ಅಳೆದು, ತಂತು ನಡುವಳತೆಯಲ್ಲಿದ್ದಾಗ ಬಲ ಅತಿ ಹೆಚ್ಚು, ತೀರಾ ಕುಗ್ಗಿದಾಗ ಬಲ ಇಳಿಯುತ್ತದೆ ಎಂದು ತೋರಿಸಿದರು. ರೋಯಿಂಗ್‌ನ ಕೊನೆಯಲ್ಲಿ ಎರಡು ಹೆಗಲೆಲುಬುಗಳನ್ನು ಹತ್ತಿರ ತರುವ ರಾಂಬಾಯ್ಡ್ ಮತ್ತು ಟ್ರೆಪೀಜಿಯಸ್‌ನ ನಡುಭಾಗ ಹೆಚ್ಚು ಕುಗ್ಗಿರುತ್ತವೆ, ಪಟ್ಟಿಯೋ ಅತಿ ಬಿಗಿಯಾಗಿರುತ್ತದೆ. ಪಟ್ಟಿ ದಪ್ಪವಾಯಿತೆಂದರೆ ಆ ಕೊನೆಯ ನಾಲ್ಕು ಬೆರಳಷ್ಟು ದೂರವನ್ನು ಹೆಗಲು ಕಿವಿಯತ್ತ ಏರಿಸಿಯೋ ಸೊಂಟ ಹಿಂದಕ್ಕೆ ವಾಲಿಸಿಯೋ ಮುಗಿಸಿಬಿಡುತ್ತೇವೆ. ಬೆನ್ನಿಗೆ ಸಿಗಬೇಕಾದದ್ದು ಅಲ್ಲೇ ಸೋರಿಹೋಗುತ್ತದೆ.

ಆದ್ದರಿಂದ ಪಟ್ಟಿಯನ್ನು ಆರಿಸುವಾಗ ಎಳೆತದ ಕೊನೆಯನ್ನು ನೋಡಿ. ಮೊಣಕೈ ಪಕ್ಕೆಯ ಪಕ್ಕದಲ್ಲೇ ಹಿಂದಕ್ಕೆ ಹೋಗಬೇಕು, ಹೆಗಲು ಏರಬಾರದು, ಅಲ್ಲಿ ‘ಒಂದು, ಎರಡು’ ಎಣಿಸುವಷ್ಟು ನಿಲ್ಲಿಸಲು ಆಗಬೇಕು. ಆಗದಿದ್ದರೆ ತೆಳು ಪಟ್ಟಿ ಹಿಡಿಯಿರಿ. ವಾಪಸು ಬಿಡುವಾಗ ಪಟ್ಟಿ ಸೆಳೆದುಕೊಳ್ಳಲು ಬಿಡದೆ, ಎಳೆದದ್ದಕ್ಕಿಂತ ನಿಧಾನವಾಗಿ ನೀವೇ ಬಿಡಬೇಕು. ಹದಿನೈದು ಸಲ ಸಲೀಸಾಗಿ ಬರುವಂತಾದ ಮೇಲೆ ಒಂದು ಹೆಜ್ಜೆ ಹಿಂದೆ ಸರಿಯಿರಿ ಅಥವಾ ದಪ್ಪ ಪಟ್ಟಿಗೆ ಹೋಗಿ. ಬಣ್ಣಗಳನ್ನು ನಂಬಿ ಕೂರಬೇಡಿ, ಒಂದು ಕಂಪನಿಯ ಹಸಿರು ಇನ್ನೊಂದರ ಹಸಿರಿಗೆ ಸಮವಲ್ಲ.

ಪಟ್ಟಿಯಿಂದ ಬರುವ ಬಲ ಯಂತ್ರ ಅಥವಾ ತೂಕಗಳಿಂದ ಬರುವ ಬಲಕ್ಕೆ ಸರಿಸಮ ಎಂದು 2019ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಬ್ರೆಜಿಲಿನ ಸಂಶೋಧಕರು ವರದಿ ಮಾಡಿದ್ದಾರೆ. ಡೆನ್ಮಾರ್ಕಿನ 198 ಮಂದಿಯ ಮೇಲಿನ ಪ್ರಯೋಗದಲ್ಲಿ, ದಿನಕ್ಕೆ ಎರಡೇ ನಿಮಿಷ ರಬ್ಬರ್ ಕೊಳವೆ ಎಳೆದವರಿಗೂ ಹತ್ತು ವಾರಗಳಲ್ಲಿ ಕುತ್ತಿಗೆ, ಹೆಗಲ ನೋವು ತಗ್ಗಿತು. ಅಲ್ಲಿ ಮಾಡಿಸಿದ್ದು ಕೈಯನ್ನು ಪಕ್ಕಕ್ಕೆ ಎತ್ತುವ ವ್ಯಾಯಾಮ, ರೋಯಿಂಗ್ ಅಲ್ಲ. ಆದರೂ ‘ಸಮಯವಿಲ್ಲ’ ಎನ್ನುವವರು ಗಮನಿಸಬೇಕಾದ ಫಲಿತಾಂಶ. ವಾರದೊಳಗೆ ಗೂನು ಮಾಯ, ಬೆನ್ನಿನ ಕೊಬ್ಬು ಮಾತ್ರ ಕರಗುತ್ತದೆ ಎಂಬ ಜಾಹೀರಾತುಗಳನ್ನು ನಾನು ನಂಬುವುದಿಲ್ಲ. ಒಂದು ಜಾಗದ ಸ್ನಾಯುವನ್ನು ದುಡಿಸಿ ಅದೇ ಜಾಗದ ಕೊಬ್ಬು ಕರಗಿಸಲು ಬರುವುದಿಲ್ಲ. ನೋವು ಕಾಲಿಗೆ ಇಳಿಯುತ್ತಿದ್ದರೆ, ಕಾಲು ಜೋಮು ಹಿಡಿಯುತ್ತಿದ್ದರೆ ಪಟ್ಟಿ ಬದಿಗಿಟ್ಟು ಮೊದಲು ವೈದ್ಯರನ್ನು ಕಾಣಿ.

ಹಿಗ್ಗಿದ ರಬ್ಬರನ್ನು ಗಾಳಿಯಲ್ಲಿರುವ ಓಝೋನ್ ಸೀಳುತ್ತದೆ, ಬಿಸಿಲೂ ಎಣ್ಣೆಯೂ ಕೆಡಿಸುತ್ತವೆ. ಎಳೆಯುವ ಮುನ್ನ ಪಟ್ಟಿಯನ್ನು ಸ್ವಲ್ಪ ಹಿಗ್ಗಿಸಿ ಬೆಳಕಿಗೆ ಹಿಡಿಯಿರಿ. ಕೂದಲೆಳೆಯಷ್ಟು ಬಿರುಕು ಕಂಡರೂ ಎಸೆಯಿರಿ, ಏಕೆಂದರೆ ಎದುರಿನಿಂದ ಎಳೆಯುವ ಪಟ್ಟಿ ಹರಿದರೆ ನೇರ ಬಡಿಯುವುದು ಕಣ್ಣಿಗೆ. ಬಾಗಿಲಿಗೆ ಸಿಕ್ಕಿಸುವುದಾದರೆ ಎಳೆದಾಗ ಮುಚ್ಚಿಕೊಳ್ಳುವ ಬದಿಯಲ್ಲೇ ನಿಂತು, ಚಿಲಕ ಹಾಕಿ ಶುರು ಮಾಡಿ.